ನಾನ್‌ಟಕೆಟ್‌ಗೆ ಹೋಗುವ ಮುನ್ನ ಎಸೆಕ್ಸ್ ಹಡಗಿನ ಕಥೆ ಓದಿಕೊಳ್ಳಿ

ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರು ಕೇಪ್ ಕಾಡ್‌ಗೆ ಬೇಸಿಗೆಯಲ್ಲಿ ಹೋಗಿಯೇ ಹೋಗುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಅಲ್ಲಿನ ಹಯಾನಿಸ್ ಊರಿನಲ್ಲಿ ಫೆರ್ರಿ ಹತ್ತಿ ನಾನ್‌ಟಕೆಟ್ ದ್ವೀಪಕ್ಕೆ ಹೋಗಿ ಬನ್ನಿ. ವೇಗದ ಫೆರ್ರಿಗೆ ಸುಮಾರು ಒಂದು ಗಂಟೆ, ದೊಡ್ಡದಕ್ಕೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಕಾರು ಬೇಡವೇ ಬೇಡ, ಊರೊಳಗೆ ನಡೆದೇ ಎಲ್ಲ ನೋಡಬಹುದು. ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ, ಹಾಗಾಗಿ ಅದೇ ಸಂಜೆಗೆ ವಿಮಾನ ಇಟ್ಟುಕೊಳ್ಳಬೇಡಿ.

ಆದರೆ ಸುಮ್ನೆ ಹೋಗಬೇಡಿ, ಕಥೆ ತಿಳಿದುಕೊಂಡು ಹೋಗಿ. 1819ರ ಆಗಸ್ಟ್‌ನಲ್ಲಿ ತಿಮಿಂಗಿಲ ಬೇಟೆಯ ಹಡಗು ಎಸೆಕ್ಸ್ ಇಲ್ಲಿಂದ ಹೊರಟಿತು. 1820ರ ನವೆಂಬರ್ 20ರಂದು, ಪೆಸಿಫಿಕ್ ಸಾಗರದ ನಟ್ಟನಡುವೆ, ದೊಡ್ಡದೊಂದು ಸ್ಪರ್ಮ್ ತಿಮಿಂಗಿಲ ಎರಡು ಸಲ ಗುದ್ದಿ ಹಡಗನ್ನೇ ಒಡೆಯಿತು. ಇಪ್ಪತ್ತು ಜನ ಮೂರು ಸಣ್ಣ ದೋಣಿ ಹತ್ತಿದರು. ಪಶ್ಚಿಮದ ದ್ವೀಪಗಳಲ್ಲಿ ನರಭಕ್ಷಕರಿದ್ದಾರೆ ಎಂದು ಹೆದರಿ, ದೂರದ ದಕ್ಷಿಣ ಅಮೆರಿಕದ ದಾರಿ ಹಿಡಿದರು. ಕೊನೆಗೆ ಹಸಿವು ತಾಳದೆ ಸತ್ತ ಜೊತೆಗಾರರನ್ನು ಅವರೇ ತಿನ್ನಬೇಕಾಯಿತು. ಒಂದು ದೋಣಿಯಲ್ಲಂತೂ ಉಳಿದವರ ಆಹಾರಕ್ಕಾಗಿ ಯಾರು ಸಾಯಬೇಕೆಂದು ಚೀಟಿ ಎತ್ತಿದರು. ಅದು ಬಂದದ್ದು ಕ್ಯಾಪ್ಟನ್ ಜಾರ್ಜ್ ಪೊಲಾರ್ಡ್‌ನ ಸೋದರ ಸಂಬಂಧಿ, ಹದಿಹರೆಯದ ಓವನ್ ಕಾಫಿನ್‌ಗೆ. ಬದುಕಿ ಉಳಿದವರು ಎಂಟೇ ಜನ.

ಈ ಕಥೆಯನ್ನು ಒಬ್ಬರ ಬಾಯಲ್ಲಿ ಮಾತ್ರ ಕೇಳಬೇಡಿ. ಹಡಗಿನ ಮೊದಲ ಮೇಟ್ (ಕ್ಯಾಪ್ಟನ್ ನಂತರದ ಅಧಿಕಾರಿ) ಓವನ್ ಚೇಸ್ 1821ರಲ್ಲೇ ತನ್ನ ಪುಸ್ತಕ ತಂದ. ಬಹುಕಾಲ ಜಗತ್ತು ನಂಬಿದ್ದು ಅದನ್ನೇ. ಹದಿನಾಲ್ಕನೇ ವಯಸ್ಸಿಗೆ ಹಡಗು ಹತ್ತಿದ್ದ ಥಾಮಸ್ ನಿಕರ್ಸನ್ ಮುದುಕನಾದ ಮೇಲೆ ಬರೆದಿಟ್ಟ ಹಸ್ತಪ್ರತಿ ಸಿಕ್ಕಿದ್ದು 1960ರಲ್ಲಿ, ಅಚ್ಚಾಗಿದ್ದು 1984ರಲ್ಲಿ. ಹತ್ತಿರದ ದ್ವೀಪಗಳಿಗೆ ಹೋಗೋಣ ಎಂದವನು ಪೊಲಾರ್ಡ್, ಬೇಡವೆಂದವರು ಮೇಟ್‌ಗಳು ಎಂಬುದು ನಿಕರ್ಸನ್ ಬರೆದದ್ದರಲ್ಲಿದೆ. ಇಷ್ಟು ಗೊತ್ತಾದರೆ ಕ್ಯಾಪ್ಟನ್ ಬಗ್ಗೆ ನಮ್ಮ ತೀರ್ಪೇ ಬದಲಾಗುತ್ತದೆ ಅಲ್ವಾ? ಎರಡನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ನಿಕರ್ಸನ್‌ನನ್ನೇ ಓದಿ. ಈ ಕಥೆಯ 2015ರ ಸಿನಿಮಾ 'ಇನ್ ದ ಹಾರ್ಟ್ ಆಫ್ ದ ಸೀ' ಆಮೇಲೆ ನೋಡಿದರೂ ನಡೆಯುತ್ತದೆ.

ಬ್ರಾಡ್ ಸ್ಟ್ರೀಟ್‌ನ ತಿಮಿಂಗಿಲ ಬೇಟೆ ಮ್ಯೂಸಿಯಂಗೆ ಅರ್ಧ ದಿನ ಇಡಿ. ಅದು ಹಿಂದೆ ತಿಮಿಂಗಿಲದ ಎಣ್ಣೆಯಿಂದ ಮೇಣದಬತ್ತಿ ಮಾಡುತ್ತಿದ್ದ ಕಾರ್ಖಾನೆ. ಒಳಗೆ 46 ಅಡಿಯ ಸ್ಪರ್ಮ್ ತಿಮಿಂಗಿಲದ ಅಸ್ಥಿಪಂಜರ ತೂಗುಹಾಕಿದ್ದಾರೆ. ಅದರ ಕೆಳಗೆ ನಿಂತಾಗ ನನಗೆ ಆ ದೋಣಿಗಳು ಎಷ್ಟು ಸಣ್ಣವು ಎಂದು ಮೈ ಜುಮ್ಮೆಂದಿತು. ಎಸೆಕ್ಸ್ ಕಥೆ ಹೇಳುವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ. ಪುಟ್ಟ ಮಕ್ಕಳಿದ್ದರೆ ಸ್ವಲ್ಪ ಯೋಚಿಸಿ.

ಅಲ್ಲಿಂದ ಸೆಂಟರ್ ಸ್ಟ್ರೀಟ್‌ಗೆ ನಡೆದರೆ ಪೊಲಾರ್ಡ್‌ನ ಮನೆ. ಎರಡನೇ ಹಡಗೂ ಮುಳುಗಿ, ಅವನು ಊರಿನ ರಾತ್ರಿ ಕಾವಲುಗಾರನಾಗಿ ಬದುಕಿದ. ಅವನನ್ನು ಕಂಡು ಹರ್ಮನ್ ಮೆಲ್ವಿಲ್ ತಿಮಿಂಗಿಲ ಬೇಟೆಯ ಕಾದಂಬರಿ 'ಮೊಬಿ ಡಿಕ್' ಬರೆದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾದಂಬರಿ ಬಂದದ್ದು 1851ರಲ್ಲಿ, ಅವರಿಬ್ಬರ ಭೇಟಿ ಆಗಿದ್ದು 1852ರಲ್ಲಿ.

ಸಮಯ ಉಳಿದರೆ ಯಾರ್ಕ್ ಸ್ಟ್ರೀಟ್‌ನ ಆಫ್ರಿಕನ್ ಮೀಟಿಂಗ್ ಹೌಸ್ ಬಿಡಬೇಡಿ, ಅದು ದ್ವೀಪದ ಕಪ್ಪು ಜನರ ಹಳೆಯ ಸಭಾಮಂದಿರ. ಎಸೆಕ್ಸ್ ಒಡೆದಾಗ ದೋಣಿ ಹತ್ತಿದ ಕಪ್ಪು ನಾವಿಕರಲ್ಲಿ ಒಬ್ಬನೂ ಮರಳಲಿಲ್ಲ. ತಮ್ಮ ಕಥೆ ಬರೆಯಲು ಅವರಲ್ಲಿ ಯಾರೂ ಉಳಿದಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ಬಹಳಷ್ಟು ಜಾಗ ಮುಚ್ಚಿರುತ್ತವೆ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು.