ಕಾರ್ಡ್ ಬಯ್ಯೋಕ್ ಮುಂಚೆ ವೈರ್ ನೋಡ್ರಿ

ಇವತ್ತು ಪಿ.ಜೆ. ಬಡಾವಣೆ ಹುಡುಗ ಒಬ್ಬ ಗೇಮಿಂಗ್ ಪಿಸಿ ತಂದಿದ್ದ. ಸುಮ್ನೆ ಯೂಟ್ಯೂಬ್ ನೋಡಿದ್ರೆ ಏನೂ ಆಗಲ್ಲ, ಗೇಮ್ ಹಾಕಿದ್ರೆ ಫ್ರೀಜ್.

"ಅಣ್ಣ, ಗ್ರಾಫಿಕ್ಸ್ ಕಾರ್ಡ್ ಹೋಯ್ತಾ?"

ಸೈಡ್ ಪ್ಯಾನೆಲ್ ಬಿಚ್ಚಿದ್ರೆ, ಕಾರ್ಡಿನ ಎರಡು 8 ಪಿನ್ ಸಾಕೆಟ್‌ಗೂ ಒಂದೇ ಕೇಬಲಿನ ಎರಡು ಕವಲು. ಕಾರ್ಡ್ ಕೂರೋ ಮದರ್‌ಬೋರ್ಡ್ ಸ್ಲಾಟ್ ಕೊಡೋದು 75 ವ್ಯಾಟ್, ಒಂದೊಂದು 8 ಪಿನ್ನಿಗೆ 150. ಅಂದ್ರೆ ಆ ಒಂದು ವೈರಿನ ಮೇಲೆ 300 ವ್ಯಾಟ್ ತನಕ ಭಾರ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತೆ. ಹಳೇ ಮಾದರಿ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬ) 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗಿಳಿದ್ರೆ ಮಿತಿ ದಾಟಿತು ಅಂತಲೇ ಲೆಕ್ಕ. ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೀರಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಮಾತ್ರ ಬೇಡ. ಪಿನ್ ಜೋಡಣೆ ಬೇರೆ ಇದ್ರೆ ಹೊಗೆನೇ.

ಸ್ಕ್ರೀನ್ ಕಪ್ಪಾಗಿ ವಾಪಸ್ ಬಂದ್ರೆ ಕಥೆ ಬೇರೆ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ರೆ ವಿಂಡೋಸ್ ಡ್ರೈವರನ್ನೇ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ರೀಸೆಟ್ ಮಾಡುತ್ತೆ, ವಿಂಡೋಸ್ ತನ್ನ ದೋಷ ಬರೆದಿಡೋ ಈವೆಂಟ್ ವ್ಯೂವರ್‌ನಲ್ಲಿ 4101 ನಂಬರಿನ ಎಂಟ್ರಿ ಬೀಳುತ್ತೆ. ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನೋ ಟೂಲ್) ಹಾಕಿ ಹಳೇ ಡ್ರೈವರ್ ಪೂರ್ತಿ ತೆಗೀರಿ.

ಅದೇ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅನ್ನೋ ಎಂಟ್ರಿ ಕಂಡ ತಕ್ಷಣ ಎಸ್‌ಎಂಪಿಎಸ್ ಕೊಳ್ಳೋಕೆ ಓಡ್ಬೇಡ್ರಿ. ಸಿಸ್ಟಮ್ ಸರಿಯಾಗಿ ಆಫ್ ಆಗಿಲ್ಲ ಅಂತಷ್ಟೇ ಅದು ಹೇಳೋದು, ಯಾಕೆ ಅಂತ ಹೇಳಲ್ಲ.

ವಿಂಡೋಸ್ ಶುರುವಾಗೋಕ್ ಮುಂಚಿನ ಬಯಾಸ್ ಸ್ಕ್ರೀನಲ್ಲೇ ಬಣ್ಣಬಣ್ಣದ ಚುಕ್ಕಿ, ಗೆರೆ ಬಂದ್ರೆ, ಕೇಬಲ್ ಮಾನಿಟರ್ ಬದಲಿಸಿದ್ರೂ ಹೋಗದಿದ್ರೆ, ಆಗ ಕಾರ್ಡಿನ ಮೆಮೊರಿ ಮೇಲೆ ಅನುಮಾನ ಪಡ್ರಿ.

ಇನ್ನು ನಮ್ಮ ದಾವಣಗೆರೆ ಧೂಳು! ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ರಿ, ಗಾಳಿಗೆ ಗರಗರ ತಿರುಗಿದ್ರೆ ಬೇರಿಂಗ್ ಹಾಳು.