ಸಮುದ್ರದ ನಡುವೆ ನೀರು ಕುಡಿಯುವ ಪ್ರಶ್ನೆ

ಗಾಳಿಯ ಸಿಲಿಂಡರು ಹೊತ್ತು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗಿಗೆಂದು ನಾನೂ ಅತ್ತಿಗೆಯೂ ಹೋಗಿದ್ದೆವು. ಮುರುಡೇಶ್ವರದ ಸ್ಕೂಬಾ ಕಚೇರಿಯಲ್ಲಿ ಕೊಟ್ಟ ಅರ್ಜಿಯಲ್ಲಿ ಆಸ್ತಮಾ ಇದೆಯೇ, ರಕ್ತದೊತ್ತಡ ಇದೆಯೇ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದೆಲ್ಲ ಕೇಳಿದ್ದರು. ಅತ್ತಿಗೆ ಎಲ್ಲದಕ್ಕೂ ಇಲ್ಲವೆಂದು ಗುರುತು ಹಾಕಿ ಸಹಿ ಮಾಡಿದರು. ಆಮೇಲೆ ತರಬೇತಿ ಕೊಡುವ ಹುಡುಗ ಅರ್ಜಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದ. “ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದೀರಿ ಮೇಡಂ?”

ಅತ್ತಿಗೆ ನನ್ನ ಮುಖ ನೋಡಿದರು. ಅರ್ಧ ಲೋಟ ಕಾಫಿ ಬಿಟ್ಟರೆ ಅವರು ಏನನ್ನೂ ಮುಟ್ಟಿರಲಿಲ್ಲ. ಪ್ರಯಾಣದ ದಿನ ನೀರು ಕುಡಿಯದಿರುವುದು ಅವರ ಹಳೆಯ ವ್ರತ. ಶೌಚಾಲಯಕ್ಕೆ ಬಾಗಿಲೇ ಇಲ್ಲದ ಶಾಲೆಗಳಲ್ಲಿ ಪಾಠ ಮಾಡಿ, ಎಲ್ಲಿ ನಿಲ್ಲುತ್ತದೋ ತಿಳಿಯದ ಬಸ್ಸುಗಳಲ್ಲಿ ಓಡಾಡಿದವರು ಅವರು.

“ಬೋಟಿನಲ್ಲಿ ವ್ಯವಸ್ಥೆ ಇದೆಯೇ?”

“ಇಲ್ಲ ಮೇಡಂ.”

“ಮತ್ತೆ ನೀರು ಕುಡಿಯಿರಿ ಎನ್ನುತ್ತೀರಲ್ಲ!”

ಹುಡುಗನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಹೋದ.

ನಾವು ಇಳಿಯಬೇಕಿದ್ದ ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರ. 123 ಅಡಿಯ ಶಿವ ಹಿಂದೆ ಹಿಂದೆ ಸರಿದು ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಬಿಸಿಲು ನೆತ್ತಿ ಸುಡತೊಡಗಿತ್ತು. ಗಾಳಿ ಬೀಸುತ್ತಿದ್ದುದರಿಂದ ಬೆವರು ಗೊತ್ತಾಗುತ್ತಿರಲಿಲ್ಲ, ಅಷ್ಟೇ. ನಮ್ಮೆದುರು ಕುಳಿತಿದ್ದ ಬೆಂಗಳೂರಿನ ಹುಡುಗರ ಗುಂಪಿನಲ್ಲಿ ಒಬ್ಬನಿಗೆ ಹಿಂದಿನ ರಾತ್ರಿಯ ಮದ್ಯವೂ ಅಲೆಗಳ ತೂಗಾಟವೂ ಸೇರಿ ವಾಂತಿ ಶುರುವಾಯಿತು. ಬೋಟಿನವರು ಅವನಿಗೆ ಓಆರ್‌ಎಸ್ ಕಲಸಿ, ಗುಟುಕು ಗುಟುಕಾಗಿ ಕುಡಿಸಿದರು. ಒಮ್ಮೆಲೇ ಸುರಿದುಕೊಂಡರೆ ಅದೂ ಹೊರಬರುತ್ತದೆ ಎಂದರು. ವಾಂತಿ ತಡೆಯುವ ಮಾತ್ರೆ ನುಂಗಿದ್ದ ಅವನ ಗೆಳೆಯನಿಗೆ ಬಾಯೊಣಗಿ ತೂಕಡಿಕೆ.

ಅತ್ತಿಗೆ ಮಾತ್ರ ಅಲುಗಾಡದೆ ಕುಳಿತಿದ್ದರು. ನಾನು ಬಾಟಲಿ ಚಾಚಿದಾಗಲೆಲ್ಲ “ನೀನು ಕುಡಿ ಮಾರಾಯ್ತಿ” ಎಂದು ತಳ್ಳುತ್ತಿದ್ದರು.

ರಬ್ಬರಿನಂಥ ವೆಟ್‌ಸೂಟನ್ನು ದ್ವೀಪ ಹತ್ತಿರವಾಗುವ ತನಕ ಹಾಕಿಕೊಳ್ಳಲು ಬಿಡಲಿಲ್ಲ. ಯಾಕೆಂದು ಹಾಕಿಕೊಂಡಾಗ ತಿಳಿಯಿತು. ಬೆನ್ನಿನ ಜಿಪ್ ಎಳೆದದ್ದೇ ತಡ, ಕತ್ತಿನ ಸುತ್ತ ಬೆವರು ಕಿತ್ತುಕೊಂಡು ಬಂತು. ನೀರಿಗಿಳಿದ ಮೇಲೆ ಇನ್ನೊಂದು ಸೋಜಿಗ. ಸಿಲಿಂಡರಿನ ಗಾಳಿ ಮಹಾ ಒಣಕಲು. ತೇವ ಉಳಿದರೆ ಒಳಗೆ ತುಕ್ಕು ಹಿಡಿಯುತ್ತದೆಂದು ತುಂಬುವಾಗಲೇ ಅದನ್ನು ತೆಗೆದಿರುತ್ತಾರೆ. ಒಳಗೆಳೆದ ಪ್ರತಿ ಉಸಿರಿಗೂ ತೇವ ಒದಗಿಸಬೇಕಾದವರು ನಾವೇ. ಸುತ್ತ ಇಡೀ ಅರಬ್ಬೀ ಸಮುದ್ರ, ಕಣ್ಣೆದುರು ಗಿಳಿಮೀನುಗಳು ಬಂಡೆಯನ್ನು ಕೆರೆಯುತ್ತಿವೆ, ನನ್ನ ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡಿದೆ.

ಮೇಲೆ ಬಂದದ್ದೇ ಅತ್ತಿಗೆ ನನ್ನ ತೋಳು ಹಿಡಿದು ಪಿಸುಗುಟ್ಟಿದರು. ಅರ್ಧ ಲೋಟ ಕಾಫಿ ಕುಡಿದವರಿಗೆ ಇಷ್ಟೊಂದು ಅವಸರ ಹೇಗೆ ಬಂತು?

ಬರಲೇಬೇಕು. ನೀರಿನಲ್ಲಿ ಮುಳುಗಿದಾಗ ಅದರ ಒತ್ತಡಕ್ಕೂ ತಂಪಿಗೂ ಕೈಕಾಲುಗಳ ರಕ್ತ ಎದೆಯತ್ತ ಸರಿಯುತ್ತದೆ. ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆಯೆಂದು ಭಾವಿಸಿದ ದೇಹ ಅದನ್ನು ಹೊರಹಾಕುವಂತೆ ಮೂತ್ರಪಿಂಡಗಳಿಗೆ ಆಜ್ಞೆ ಕಳಿಸುತ್ತದೆ. ಕುಡಿಯದೆ ಉಪವಾಸ ಕುಳಿತವರಿಗೂ ಇದು ತಪ್ಪಿದ್ದಲ್ಲ. ಅಂದರೆ ಅತ್ತಿಗೆಯ ವ್ರತದಿಂದ ಬಾಯಾರಿಕೆಯೊಂದೇ ದಕ್ಕಿತು.

ಹುಡುಗ ನಾಚಿಕೊಳ್ಳಲಿಲ್ಲ. “ಹಗ್ಗ ಹಿಡಿದು ನೀರಿನಲ್ಲೇ ಸ್ವಲ್ಪ ಹೊತ್ತು ಇರಿ ಮೇಡಂ. ನಾವೆಲ್ಲರೂ ಸೂಟಿನೊಳಗೇ ಮುಗಿಸುವುದು. ಆಮೇಲೆ ತೊಳೆಯುತ್ತೇವೆ” ಎಂದ. ಬಾಡಿಗೆ ಸೂಟಿನ ಪೂರ್ವಜನ್ಮದ ಬಗ್ಗೆ ನಾನು ಆ ಕ್ಷಣವೇ ಯೋಚನೆ ಬಿಟ್ಟೆ. ಅತ್ತಿಗೆ ಹಗ್ಗ ಹಿಡಿದು, ಎಲ್ಲರಿಗೂ ಬೆನ್ನು ಮಾಡಿ, ದ್ವೀಪದ ಬಂಡೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತರು. ಮೇಲೆ ಹತ್ತಿದವರೇ ಬಾಟಲಿ ಕಸಿದುಕೊಂಡರು.

ಹಿಂದಿರುಗುವಾಗ ಹುಡುಗ ಮಾತಿಗೆ ಸಿಕ್ಕಿದ. ಆಳದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ಮೇಲೇರುವಾಗ ನಿಧಾನವಾಗಿ ಹೊರಹೋಗಬೇಕು. ಅವಸರ ಮಾಡಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ತರಬಹುದು. ಮೈಯಲ್ಲಿ ನೀರು ಬತ್ತಿದ್ದರೆ ರಕ್ತಸಂಚಾರ ಕುಗ್ಗಿ ಆ ಅಪಾಯ ಹೆಚ್ಚಬಹುದೆಂದು ಡೈವರ್‌ಗಳಿಗೆ ಕಲಿಸುತ್ತಾರೆ. ಹತ್ತು ಮೀಟರಿನ ಆಸುಪಾಸಿನಲ್ಲಿ ಒಮ್ಮೆ ಇಣುಕಿ ಬರುವ ನಮ್ಮಂಥವರಿಗೆ ಇದು ದೂರದ ಭಯ. ದಿನಕ್ಕೆ ಹಲವು ಸಲ ಇಳಿಯುವ ಅವನಿಗೆ ದೂರದ್ದಲ್ಲ. ಹಾಗೆಂದು ಇಳಿಯುವ ಮುಂಚೆ ಲೀಟರುಗಟ್ಟಲೆ ಕುಡಿಯುವುದೂ ಸಲ್ಲದು, ಶ್ವಾಸಕೋಶಕ್ಕೆ ದ್ರವ ಸೇರುವ ಸಂಭವವಿದೆಯಂತೆ. ಹಿಂದಿನ ದಿನದಿಂದಲೇ ಆಗಾಗ ಕುಡಿಯುತ್ತ, ಮೂತ್ರ ತಿಳಿಹಳದಿ ಇದೆಯೇ ಎಂದು ನೋಡಿಕೊಂಡರೆ ಸಾಕು. ಅಂದೇ ಸಂಜೆ ಘಟ್ಟ ಹತ್ತಿ ಸಾಗರ ಪಟ್ಟಣಕ್ಕೆ ಹೋಗುವವರಿದ್ದೆವು. ಮೇಲೆ ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ಸಾರಜನಕ ಅಲ್ಲಿ ಗುಳ್ಳೆಗಟ್ಟಬಹುದು, ಎತ್ತರಕ್ಕೆ ಹೋಗುವುದನ್ನು ನಾಳೆಗೆ ಇಟ್ಟುಕೊಳ್ಳಿ ಎಂದ.

ಇದೆಲ್ಲ ಗೊತ್ತಿರುವವರು ಬೋಟಿನ ಮೂಲೆಯಲ್ಲಿ ಒಂದು ಪರದೆ, ಒಂದು ಕಮೋಡ್ ಯಾಕೆ ಇಡುವುದಿಲ್ಲ? ದಡ ಸೇರಿದ ಮೇಲೆ ಅತ್ತಿಗೆ ಮಾಲೀಕರನ್ನು ಕೇಳಿಯೇಬಿಟ್ಟರು. ಅವರು ನಕ್ಕರು. ಅತ್ತಿಗೆ ನಗಲಿಲ್ಲ. ಅಭಿಪ್ರಾಯ ಪುಸ್ತಕ ತರಿಸಿಕೊಂಡು, ಕುರ್ಚಿ ಎಳೆದು ಕುಳಿತು, ಒಂದು ಪುಟ ತುಂಬ ಬರೆದರು.