ಡಿಜಿಟಲ್ ಸಿಗ್ನಲ್‌ನ ಎನ್ವಲಪ್ ನಿಜವಾಗ್ಲೂ ಏರಿಳಿಯುವುದಿಲ್ಲವೇ?

"ಡಿಜಿಟಲ್‌ನಲ್ಲಿ ಬದಲಾಗೋದು ಫೇಸ್ ಮಾತ್ರ, ಆ್ಯಂಪ್ಲಿಟ್ಯೂಡ್ ಹಾಗೇ ಇರುತ್ತೆ, ಯಾವ ಆ್ಯಂಪ್ಲಿಫೈಯರ್ ಆದ್ರೂ ನಡೆಯುತ್ತೆ" ಅನ್ನುವ ಮಾತು ಪದೇ ಪದೇ ಕೇಳುತ್ತೇನೆ. (ಫೇಸ್ ಅಂದರೆ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನುವುದು, ಆ್ಯಂಪ್ಲಿಟ್ಯೂಡ್ ಅಂದರೆ ಅಲೆಯ ಎತ್ತರ, ಆ ಎತ್ತರ ಹೊತ್ತು ಹೋದಂತೆ ಬಿಡಿಸುವ ಹೊರಗೆರೆಯೇ ಎನ್ವಲಪ್.) ಇದನ್ನು ನಂಬಿ ಟ್ರಾನ್ಸ್‌ಮಿಟರ್ ನಡೆಸಿದರೆ ತೊಂದರೆ ಆಗುವುದು ಪಕ್ಕದ ಚಾನೆಲ್‌ನವರಿಗೆ: ಏರಿಳಿಯುವ ಎನ್ವಲಪ್‌ನ ನೆತ್ತಿಯನ್ನು ಆ್ಯಂಪ್ಲಿಫೈಯರ್ ಕತ್ತರಿಸಿದರೆ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯೂಪಿಎಸ್‌ಕೆ ತಗೊಳ್ಳಿ, ಅಂದರೆ ನಾಲ್ಕು ಫೇಸ್‌ಗಳಲ್ಲಿ ಮಾಹಿತಿ ಕಳಿಸುವ ವಿಧಾನ. ಕಾನ್‌ಸ್ಟಲೇಷನ್‌ನಲ್ಲಿ, ಅಂದರೆ ಪ್ರತಿ ಫೇಸ್‌ಗೊಂದು ಚುಕ್ಕಿ ಇಟ್ಟು ನಡುವಿನಿಂದ ದೂರವನ್ನು ಆ್ಯಂಪ್ಲಿಟ್ಯೂಡ್ ಎಂದು ತೋರಿಸುವ ಚಿತ್ರದಲ್ಲಿ, ನಾಲ್ಕೂ ಚುಕ್ಕಿ ಒಂದೇ ವೃತ್ತದ ಮೇಲಿವೆ, ಸರಿ. ಆದರೆ ಸಿಗ್ನಲ್ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗಬೇಕಲ್ವಾ? ಆ ದಾರಿ ಚಿತ್ರದಲ್ಲಿ ಕಾಣುವುದಿಲ್ಲ. ಫೇಸ್ ಥಟ್ಟನೆ ಜಿಗಿದರೆ ಎನ್ವಲಪ್ ಕದಲುವುದಿಲ್ಲ, ನಿಜ, ಆದರೆ ಸ್ಪೆಕ್ಟ್ರಂ ಎರಡೂ ಕಡೆ ದೂರದವರೆಗೆ ಹರಡಿಕೊಳ್ಳುತ್ತದೆ, ಅದನ್ನು ತಡೆಯಲು ಫಿಲ್ಟರ್ ಹಾಕುತ್ತಾರೆ, ಹಾಕಿದ ಮೇಲೆ 180 ಡಿಗ್ರಿ ತಿರುವು ವೃತ್ತದ ನಡುವಿನ ಹತ್ತಿರದಿಂದಲೇ ಹಾಯುತ್ತದೆ. ಅಂದರೆ ಎನ್ವಲಪ್ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ.

ಕಣ್ಣಾರೆ ನೋಡಬೇಕೆಂದರೆ ಹವ್ಯಾಸಿ ರೇಡಿಯೋದವರು ಟೈಪ್ ಮಾಡಿ ಮಾತಾಡಲು ಬಳಸುವ ಪಿಎಸ್‌ಕೆ31 ಸಿಗ್ನಲ್ ಅನ್ನು ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್‌ಗೆ ಕೊಡಿ. ಏನೂ ಟೈಪ್ ಮಾಡದೆ ಸುಮ್ನೆ ಬಿಟ್ಟರೆ ಫೇಸ್ ಸೆಕೆಂಡಿಗೆ 31.25 ಸಲ 180 ಡಿಗ್ರಿ ತಿರುಗುತ್ತದೆ, ಪ್ರತಿ ತಿರುವಿಗೂ ಎನ್ವಲಪ್ ಸೊನ್ನೆ ಮುಟ್ಟಿ ಏಳುತ್ತದೆ. ಆ ಮಣಿಸರದಂಥ ಆಕಾರದ ನೆತ್ತಿ ಚಪ್ಪಟೆಯಾದರೆ ಆ್ಯಂಪ್ಲಿಫೈಯರ್ ಕತ್ತರಿಸುತ್ತಿದೆ ಅಂತ ಅರ್ಥ. ಟ್ರಾನ್ಸ್‌ಮಿಟರ್‌ಗೆ ಕೊಡುವ ಆಡಿಯೋ ಇಳಿಸಿ.

ಹಾಗಾದರೆ ಎನ್ವಲಪ್ ಏರಿಳಿಯದ ಸಿಗ್ನಲ್ ಇಲ್ಲವೇ ಇಲ್ಲವಾ? ಇದೆ. ಜಿಎಸ್‌ಎಂ ಮೊಬೈಲ್ ಫೋನ್‌ಗಳ ಜಿಎಂಎಸ್‌ಕೆ, ಅಂದರೆ ಫ್ರೀಕ್ವೆನ್ಸಿಯನ್ನು ನಯವಾಗಿ ಬದಲಿಸಿ ಮಾಹಿತಿ ಕಳಿಸುವ ವಿಧಾನ, ನನಗೆ ಬಹಳ ಇಷ್ಟವಾದ ಉದಾಹರಣೆ. ಅಲ್ಲಿ ಗೌಸಿಯನ್ ಫಿಲ್ಟರ್ ಕೂರುವುದು ಮಾಹಿತಿಯನ್ನು ಅಲೆಗೆ ಸೇರಿಸುವ ಮಾಡ್ಯುಲೇಟರ್‌ಗಿಂತ ಮುಂಚೆ, ಅದು ನಯ ಮಾಡುವುದು ಫ್ರೀಕ್ವೆನ್ಸಿಯ ಏರಿಳಿತವನ್ನು, ಹಾಗಾಗಿ ಎನ್ವಲಪ್‌ಗೆ ಏನೂ ಆಗುವುದಿಲ್ಲ. ಫೋನ್ ತುಣುಕು ತುಣುಕಾಗಿ ಕಳಿಸುವ ಪ್ರತಿ ಬರ್ಸ್ಟ್‌ನ ಶುರುವಿನಲ್ಲಿ, ಕೊನೆಯಲ್ಲಿ ಪವರ್ ಏರಿ ಇಳಿಯುತ್ತದೆ, ಅದು ಬೇರೆ ವಿಷಯ. ಅದೇ ಜಿಎಂಎಸ್‌ಕೆಯನ್ನು ಆಮೇಲೆ ಇಕ್ಕಟ್ಟಾದ ಫಿಲ್ಟರ್ ಮೂಲಕ ಹಾಯಿಸಿದರೆ ಎನ್ವಲಪ್ ಅಲುಗಾಡಲು ಶುರು. ಬ್ಯಾಂಡ್‌ವಿಡ್ತ್‌ಗೆ ಕಟ್ಟುನಿಟ್ಟಿನ ಗಡಿ ಇರಬೇಕು, ಎನ್ವಲಪ್ ಕೂಡ ಕಟ್ಟುನಿಟ್ಟಾಗಿ ಸ್ಥಿರ ಇರಬೇಕು ಅಂದರೆ ಗಣಿತದ ಪ್ರಕಾರ ಉಳಿಯುವುದು ಬರೀ ಕ್ಯಾರಿಯರ್, ಅಂದರೆ ಬದಲಾಗದ ಒಂದೇ ಅಲೆ, ಅದರಲ್ಲಿ ಮಾಹಿತಿಯೇ ಇರುವುದಿಲ್ಲ. ಉಳಿದದ್ದೆಲ್ಲ ರಾಜಿ. ಆಫ್‌ಸೆಟ್ ಕ್ಯೂಪಿಎಸ್‌ಕೆ ಅಂಥ ಒಳ್ಳೆ ರಾಜಿ, ಒಂದು ಸಲಕ್ಕೆ 90 ಡಿಗ್ರಿಗಿಂತ ಜಾಸ್ತಿ ತಿರುಗುವುದಿಲ್ಲ, ಎನ್ವಲಪ್ ತಗ್ಗಿದರೂ ಸೊನ್ನೆಗೆ ಬೀಳುವುದಿಲ್ಲ.

ಹವ್ಯಾಸಿ ರೇಡಿಯೋದವರು ಎಫ್‌ಟಿ8 ಅನ್ನುವ, ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನದ ಬಗ್ಗೆ ಕೇಳುತ್ತಾರೆ. ಅದು ಒಂದು ಹೊತ್ತಿಗೆ ಒಂದೇ ಟೋನ್ ಕಳಿಸುವ ಎಫ್‌ಎಸ್‌ಕೆ (ಫ್ರೀಕ್ವೆನ್ಸಿ ಬದಲಿಸಿ ಮಾಹಿತಿ ಕಳಿಸುವ ವಿಧಾನ), ಎನ್ವಲಪ್ ಸ್ಥಿರ. ಆದರೆ ಒಂದು ಸ್ಟೇಷನ್ ಒಟ್ಟಿಗೆ ಹಲವರಿಗೆ ಉತ್ತರಿಸುವ ಫಾಕ್ಸ್ ಮೋಡ್‌ನಲ್ಲಿ ಒಂದೇ ಸ್ಟೇಷನ್ ಒಟ್ಟಿಗೆ 5 ಸಿಗ್ನಲ್‌ವರೆಗೆ ಕಳಿಸಬಹುದು. ಅವು ಗಾಳಿಗೆ ಹೋಗುವ ಮುಂಚೆಯೇ ಕೂಡಿಕೊಳ್ಳುತ್ತವೆ, ಎನ್ವಲಪ್ ಜೋರಾಗಿ ಏರಿಳಿಯುತ್ತದೆ, ಆಗ ಆ ಏರಿಳಿತವನ್ನು ಹಾಗೇ ಕಾಪಾಡುವ ಲೀನಿಯರ್ ಆ್ಯಂಪ್ಲಿಫೈಯರ್ ಬೇಕೇ ಬೇಕು.